ಯಕೃತ್ತಿಗೆ ಕೋಶಗಳ ಆಸರೆ

ಯಕೃತ್ತು ತಾನಾಗಿ ಮರಳಿ ಬೆಳೆಯಬಲ್ಲ ಅಂಗ. ಹಠಾತ್ತನೆ ಸೋತಾಗ ಅದಕ್ಕೆ ಬೇಕಿರುವುದು ಚೇತರಿಕೆಗೆ ಕೆಲವು ದಿನಗಳ ಕಾಲಾವಕಾಶ. ಆ ಅವಕಾಶವನ್ನು ದಾನಿಯ ಯಕೃತ್ತಿನ ಕೋಶಗಳು ಕೊಡಬಲ್ಲವು ಎಂಬ ಭರವಸೆ ಹಳೆಯದು. 1994ರಲ್ಲೇ ಹೈದರಾಬಾದಿನ ವೈದ್ಯರು ಇಂಥ ಪ್ರಯತ್ನವನ್ನು ವರದಿ ಮಾಡಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ವೈದ್ಯರು ಈ ಕೋಶಗಳನ್ನು ಆಲ್ಜಿನೇಟ್ ಎಂಬ ಜೆಲ್ಲಿನ ಪುಟ್ಟ ಮಣಿಗಳಲ್ಲಿಟ್ಟು, ಯಕೃತ್ತು ಹಠಾತ್ತನೆ ಸೋತ ಮಕ್ಕಳ ಹೊಟ್ಟೆಯೊಳಗೆ ಬಿಟ್ಟರು. ಮಣಿಯ ಗೋಡೆ ದಾಟಿ ದೇಹದ ರಕ್ಷಣಾ ಪಡೆ ಒಳನುಗ್ಗಲಾರದು, ಹಾಗಾಗಿ ಪ್ರತಿರೋಧ ತಗ್ಗಿಸುವ ಔಷಧ ಬೇಕಿಲ್ಲ. 8 ಮಕ್ಕಳಲ್ಲಿ 4 ಮಕ್ಕಳು ಅಂಗಕಸಿಯಿಲ್ಲದೆ ಚೇತರಿಸಿಕೊಂಡರು. ಸಂಖ್ಯೆ ಚಿಕ್ಕದು, ದೊಡ್ಡ ಪ್ರಯೋಗ ಆಗಲೇಬೇಕು. ಆದರೆ ಇಡಿಯಾಗಿ ಕಸಿಗೆ ಒಗ್ಗದ ಯಕೃತ್ತಿನಿಂದಲೂ ಕೋಶಗಳನ್ನು ಬೇರ್ಪಡಿಸಿ ಶೈತ್ಯೀಕರಿಸಿ ಇಡಬಹುದು. ದಾನಿಗಳೇ ವಿರಳವಾದ ನಮ್ಮಲ್ಲಿ ಅಂಥ ಕೋಶ ಬ್ಯಾಂಕಿಗೆ ಸರ್ಕಾರ ಈಗಲೇ ಹಣ ತೆಗೆದಿಡಬೇಕು.