ಕೊಂಡವರ ದುಡುಕು, ಬೆಳೆಸಿದವರಿಗೆ ದಂಡ

2024-25ರ ಎನ್‌ಬಿಎ ಸೀಸನ್ನಿನಲ್ಲಿ ಸಂಬಳಕ್ಕೆ ಎಲ್ಲರಿಗಿಂತ ಹೆಚ್ಚು ಸುರಿದ ತಂಡ ಫೀನಿಕ್ಸ್ ಸನ್ಸ್. ಕೆವಿನ್ ಡುರಾಂಟ್, ಡೆವಿನ್ ಬುಕರ್, ಬ್ರ್ಯಾಡ್ಲಿ ಬೀಲ್ ಮೂವರೂ ಅದರಲ್ಲೇ ಇದ್ದರು. 82 ಪಂದ್ಯಗಳಲ್ಲಿ ಗೆದ್ದದ್ದು 36. ಪ್ಲೇಆಫ್ ಮಾತು ಹಾಗಿರಲಿ, ಅದರ ಹೊಸ್ತಿಲಾದ ಪ್ಲೇ-ಇನ್ ಪಂದ್ಯಕ್ಕೂ ಅರ್ಹತೆ ಸಿಗಲಿಲ್ಲ. 2023, 2024, 2025ರಲ್ಲಿ ವರ್ಷಕ್ಕೊಬ್ಬ ಕೋಚ್‌ನ ತಲೆದಂಡವೂ ಆಯಿತು.

ತಾರೆಗಳನ್ನು ಒಟ್ಟುಹಾಕಿ ಕಪ್ ಗೆಲ್ಲುವುದು ಅನ್ಯಾಯ ಎಂಬ ಕೂಗು ಅಮೆರಿಕದ ಬಾಸ್ಕೆಟ್‌ಬಾಲ್‌ನಲ್ಲಿ ಹಳೆಯದು. ಆ ಕೂಗಿಗೆ ಲೀಗ್ 2023ರಲ್ಲಿ ಕೊಟ್ಟ ಉತ್ತರವೇ ‘ಎರಡನೇ ಏಪ್ರನ್’ ಎಂಬ ಸಂಬಳದ ಗೆರೆ. 2025-26ಕ್ಕೆ ಸಂಬಳದ ಮಿತಿ 15.46 ಕೋಟಿ ಡಾಲರ್, ಈ ಗೆರೆ 20.78 ಕೋಟಿ. ದಾಟಿದವರಿಗೆ ತೆರಿಗೆಯೊಂದೇ ಅಲ್ಲ, ಕೈಕಾಲಿಗೂ ಕಟ್ಟು. ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ ತರುವಂತಿಲ್ಲ, ಜೊತೆಗೆ ನಗದು ಕೊಡುವಂತಿಲ್ಲ, ಏಳು ವರ್ಷದಾಚೆಯ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ಕನ್ನು, ಅಂದರೆ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿಯನ್ನು, ಮುಟ್ಟುವಂತಿಲ್ಲ. ಸೂಪರ್ ಟೀಮ್‌ಗಳ ಕಾಲ ಮುಗಿಯಿತು ಎಂದು ಅಭಿಮಾನಿಗಳು ಖುಷಿಪಟ್ಟರು. ನನಗೆ ಆ ಖುಷಿಯಲ್ಲಿ ಪಾಲಿಲ್ಲ. ಈ ನಿಯಮ ಹೊಡೆಯುತ್ತಿರುವುದು ತಾರೆಗಳನ್ನು ಕೊಂಡವರನ್ನಲ್ಲ, ಬೆಳೆಸಿದವರನ್ನು.

ಕೊಂಡವರ ಕಥೆ ನೋಡಿ. 2021ರ ಜನವರಿಯಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡ ಡುರಾಂಟ್, ಕೈರಿ ಅರ್ವಿಂಗ್ ಜೊತೆಗೆ ಜೇಮ್ಸ್ ಹಾರ್ಡನ್‌ನನ್ನೂ ತಂದಿತು. ಅದಕ್ಕಾಗಿ ಜ್ಯಾರೆಟ್ ಅಲೆನ್, ಕ್ಯಾರಿಸ್ ಲವರ್ಟ್‌ರನ್ನು ಬಿಟ್ಟುಕೊಟ್ಟು, ಮೊದಲ ಸುತ್ತಿನ ಮೂರು ಪಿಕ್‌ಗಳನ್ನೂ ನಾಲ್ಕು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಬರೆದುಕೊಟ್ಟಿತು. ಮೂವರೂ ಒಟ್ಟಿಗೆ ಅಂಗಣಕ್ಕಿಳಿದದ್ದು, ಪ್ಲೇಆಫ್ ಸೇರಿ, 16 ಪಂದ್ಯಗಳಲ್ಲಿ. ಒಬ್ಬನ ಹಿಂದೊಡೆ ನೋವು, ಇನ್ನೊಬ್ಬನ ಪಾದದ ಕೀಲಿಗೆ ಪೆಟ್ಟು, ಆಮೇಲೆ ಅರ್ವಿಂಗ್‌ನ ಕೋವಿಡ್ ಲಸಿಕೆ ತಗಾದೆ. 2023ರ ಫೆಬ್ರವರಿ ಮುಗಿಯುವಷ್ಟರಲ್ಲಿ ಮೂವರೂ ಬೇರೆ ಬೇರೆ ಊರು ಸೇರಿದ್ದರು. ಯಾವ ನಿಯಮವೂ ಆ ತಂಡವನ್ನು ಒಡೆಯಲಿಲ್ಲ. ತನ್ನ ಭಾರಕ್ಕೆ ತಾನೇ ಕುಸಿಯಿತು.

ಬ್ರೂಕ್ಲಿನ್ ಇದಕ್ಕೂ ಮೊದಲೇ ಒಮ್ಮೆ ಕೈಸುಟ್ಟುಕೊಂಡಿತ್ತು. 2013ರಲ್ಲಿ ಮುಪ್ಪಿನತ್ತ ವಾಲಿದ್ದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್‌ಗಾಗಿ ಬಾಸ್ಟನ್‌ಗೆ ಸಾಲುಸಾಲು ಪಿಕ್ ಕೊಟ್ಟಿತು. ಅವುಗಳ ಫಲವಾಗಿಯೇ 2016ರಲ್ಲಿ ಜೇಲೆನ್ ಬ್ರೌನ್, 2017ರಲ್ಲಿ ಜೇಸನ್ ಟೇಟಮ್ ಬಾಸ್ಟನ್ ಪಾಲಾದರು. ಅವರಿಬ್ಬರೂ 2024ರಲ್ಲಿ ಕಪ್ ಗೆದ್ದರು. ಮರುವರ್ಷ ಗೆದ್ದ ಓಕ್ಲಹೋಮ ಸಿಟಿ ಥಂಡರ್‌ದೂ ಇದೇ ಕಥೆ. 2019ರಲ್ಲಿ ಕವಾಯ್ ಲೆನಾರ್ಡ್ ಜೊತೆಗೆ ಪಾಲ್ ಜಾರ್ಜ್ ಕೂಡ ಬೇಕೇಬೇಕೆಂದು ಹಟ ಹಿಡಿದ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್, ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಎರಡನೇ ವರ್ಷಕ್ಕೆ ಕಾಲಿಡುತ್ತಿದ್ದ ಹುಡುಗನನ್ನೂ ಮೊದಲ ಸುತ್ತಿನ ಐದು ಪಿಕ್‌ಗಳನ್ನೂ ಓಕ್ಲಹೋಮಕ್ಕೆ ಒಪ್ಪಿಸಿತು. ಆ ಹುಡುಗ 2025ರ ಎಂವಿಪಿ. ಬಂದ ಪಿಕ್‌ಗಳಲ್ಲೊಂದು ಜೇಲೆನ್ ವಿಲಿಯಮ್ಸ್. ತಾರೆಗಳನ್ನು ಕೊಳ್ಳುವವರ ಆತುರ ಎದುರಾಳಿಯ ಕಪಾಟಿಗೆ ಎರಡು ಕಪ್ ಇಟ್ಟಿದೆ. ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾವ ಲೀಗ್ ಕೊಡಬಲ್ಲದು?

ಮಯಾಮಿ ಹೀಟ್ ಗೆಲ್ಲಲಿಲ್ಲವೇ ಎಂದು ಕೇಳುವವರಿದ್ದಾರೆ. ಗೆದ್ದಿತು. 2010ರಲ್ಲಿ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಶ್ ಒಂದಾದರು. ನಾಲ್ಕು ವರ್ಷ, ನಾಲ್ಕು ಫೈನಲ್, ಎರಡು ಕಪ್. ಆದರೆ ಅಲ್ಲಿ ನಡೆದದ್ದೇ ಬೇರೆ. ಮೂವರೂ ತಮಗೆ ಸಿಗಬಹುದಾಗಿದ್ದ ಗರಿಷ್ಠ ಸಂಬಳಕ್ಕಿಂತ ಕಡಿಮೆಗೆ ಒಪ್ಪಿದರು, ಉಳಿದ ಹಣದಲ್ಲಿ ಜೊತೆಗಾರರು ಬಂದರು. ಟೊರಾಂಟೊದಲ್ಲಿ ಪಂದ್ಯಕ್ಕೆ 24 ಅಂಕ ಹೊಡೆಯುತ್ತಿದ್ದ ಬಾಶ್, ಮಯಾಮಿಯಲ್ಲಿ ಸೆಂಟರ್ ಜಾಗಕ್ಕೆ ಸರಿದು ದೈತ್ಯರ ಜೊತೆ ಗುದ್ದಾಡಿದ. 2013ರ ಫೈನಲ್‌ನ ಆರನೇ ಪಂದ್ಯದಲ್ಲಿ, ಸ್ಯಾನ್ ಆಂಟೋನಿಯೊ ಕೈಗೆ ಕಪ್ ಬಂದೇಬಿಟ್ಟಿತು ಎನ್ನುವಾಗ, ಲೆಬ್ರಾನ್ ತಪ್ಪಿಸಿದ ಚೆಂಡನ್ನು ಕಿತ್ತುಕೊಂಡು ಮೂಲೆಯಲ್ಲಿದ್ದ ರೇ ಅಲೆನ್‌ಗೆ ಎಸೆದವನು ಅವನೇ. ಅಲೆನ್‌ನ ತ್ರೀ ಪಾಯಿಂಟರ್ ಎಲ್ಲರಿಗೂ ನೆನಪಿದೆ, ಆ ರೀಬೌಂಡ್ ಕೆಲವರಿಗೆ ಮಾತ್ರ. ಏಳನೇ ಪಂದ್ಯದಲ್ಲಿ ಬಾಶ್ ಗಳಿಸಿದ್ದು ಸೊನ್ನೆ. ಶೇನ್ ಬ್ಯಾಟಿಯೆ ಎಂಬ ‘ಸಾಮಾನ್ಯ’ ಆಟಗಾರ ಆರು ತ್ರೀ ಪಾಯಿಂಟರ್ ಹಾಕಿದ. ಮೂರನೇ ತಾರೆ ಸೊನ್ನೆ ಹೊಡೆದ ದಿನ ಮಯಾಮಿ ಕಪ್ ಎತ್ತಿತು. ಬೀಲ್‌ನನ್ನು ಫೀನಿಕ್ಸ್‌ಗೆ ಕರೆತಂದವರು ಇದನ್ನು ನೋಡಿರಲಿಲ್ಲವೇ? ಅವನನ್ನು ತಂದ ಮೇಲೆ ಬ್ಯಾಟಿಯೆಯಂಥವರಿಗೆ ಅವರ ಬಳಿ ಕಾಸೇ ಉಳಿದಿರಲಿಲ್ಲ.

ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮಾತು ಬರದೆ ಈ ಜಗಳ ಮುಗಿಯುವುದಿಲ್ಲ. 73 ಪಂದ್ಯ ಗೆದ್ದ ತಂಡಕ್ಕೆ 2016ರಲ್ಲಿ ಡುರಾಂಟ್ ಹೋಗಿ ಸೇರಿದ್ದು ಹೇಗೆ? ಹೊಸ ಟಿವಿ ಒಪ್ಪಂದದ ಹಣ ಒಮ್ಮೆಗೇ ಬಂದು ಸಂಬಳದ ಮಿತಿ 7 ಕೋಟಿಯಿಂದ 9.4 ಕೋಟಿ ಡಾಲರಿಗೆ ಜಿಗಿಯಿತು. ಹಂತಹಂತವಾಗಿ ಏರಿಸೋಣವೆಂದರೆ ಆಟಗಾರರ ಸಂಘ ಒಪ್ಪಲಿಲ್ಲ. ಒಂದೇ ಬೇಸಿಗೆ ತೆರೆದಿದ್ದ ಬಾಗಿಲು ಅದು. ಅದನ್ನು ಮತ್ತೆ ತೆರೆಯದಂತೆ ನೋಡಿಕೊಂಡರೆ ಸಾಕಿತ್ತು.

ಅಷ್ಟಕ್ಕೂ ಮದ್ದು ಬರುವ ಮೊದಲೇ ರೋಗ ಇಳಿದಿತ್ತು. 2019ರಲ್ಲಿ ಟೊರಾಂಟೊ, ಮುಂದೆ ಲೇಕರ್ಸ್, ಮಿಲ್ವಾಕಿ, ಗೋಲ್ಡನ್ ಸ್ಟೇಟ್, 2023ರಲ್ಲಿ ಡೆನ್ವರ್. ಐದು ವರ್ಷ, ಐದು ಬೇರೆ ಚಾಂಪಿಯನ್‌ಗಳು, ಎಲ್ಲರೂ ಹೊಸ ನಿಯಮ ಜಾರಿಗೆ ಬರುವ ಮೊದಲೇ ಗೆದ್ದವರು. ಬಾಸ್ಟನ್, ಓಕ್ಲಹೋಮ ಸೇರಿಸಿ ಏಳು ಎಂದು ಎಣಿಸಿ, ಎಲ್ಲವೂ ನಿಯಮದ ಕೃಪೆ ಎನ್ನುವವರ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ಇನ್ನು ಹೊಡೆತ ತಿಂದವರು. ತವರು ತಂಡ ಬೆಳೆಸಿದ ತಾರೆ ಅಲ್ಲೇ ಉಳಿಯಲಿ ಎಂದು ಇದೇ ಲೀಗ್ 2017ರಲ್ಲಿ ‘ಸೂಪರ್‌ಮ್ಯಾಕ್ಸ್’ ಒಪ್ಪಂದ ತಂದಿತು. ಅರ್ಹನಾದವನಿಗೆ ಸಂಬಳದ ಮಿತಿಯ ಶೇ. 35ರಷ್ಟನ್ನು ಅವನ ತಂಡ ಕೊಡಬಹುದು. ಬಾಸ್ಟನ್ ಹೇಳಿದಂತೆ ಕೇಳಿತು. ಬ್ರೌನ್‌ಗೆ ಐದು ವರ್ಷಕ್ಕೆ 30.4 ಕೋಟಿವರೆಗೆ, ಟೇಟಮ್‌ಗೆ 31.4 ಕೋಟಿ ಡಾಲರ್. ಅದೇ ಲೀಗ್ ಇನ್ನೊಂದು ಕೈಯಿಂದ ಎರಡನೇ ಏಪ್ರನ್ ಬಿಗಿದು, ಇಷ್ಟೊಂದು ಸಂಬಳ ಕೊಟ್ಟದ್ದೇಕೆ ಎಂದು ಕೇಳಿತು. ಟೇಟಮ್ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ 2025ರ ಬೇಸಿಗೆಯಲ್ಲಿ ಗೆರೆಯಿಂದ ಕೆಳಗಿಳಿಯಲು ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅಟ್ಲಾಂಟಾಕ್ಕೆ ಹೋದರು. ಅವರಿಬ್ಬರೂ ಹೊರಗಿನಿಂದ ಬಂದವರೇ, ಒಪ್ಪುತ್ತೇನೆ. ಆದರೆ ಮನೆಯ ಮಕ್ಕಳನ್ನು ಉಳಿಸಿಕೊಂಡ ಖರ್ಚೇ ಅವರನ್ನು ಕಳಿಸಿತು. ಡ್ರಾಫ್ಟ್‌ನಲ್ಲಿ 41ನೆಯವನಾಗಿ ಸಿಕ್ಕ ನಿಕೊಲಾ ಯೋಕಿಚ್‌ನನ್ನು ಪ್ರಪಂಚದ ಅತ್ಯುತ್ತಮ ಆಟಗಾರನನ್ನಾಗಿ ಬೆಳೆಸಿದ ಡೆನ್ವರ್ ಕೂಡ ಕಪ್ ಗೆದ್ದ ಮರುವರ್ಷವೇ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್‌ನನ್ನು ಬಿಟ್ಟುಕೊಟ್ಟಿತು.

ಈ ಗೆರೆ ಫೀನಿಕ್ಸ್‌ನ ಮಾಲೀಕ ಮ್ಯಾಟ್ ಇಷ್ಬಿಯಾನನ್ನು ತಡೆಯಿತೇ? ಕಣ್ಣು ಮುಚ್ಚಿಕೊಂಡು ದಾಟಿದ. ಕೊನೆಗೆ ಬೀಲ್‌ಗೆ ಬಾಕಿ ಹಣ ಕಂತಿನಲ್ಲಿ ಕೊಟ್ಟು ಬಿಡುಗಡೆ ಮಾಡಬೇಕಾಯಿತು, ಡುರಾಂಟ್‌ನನ್ನು ಹ್ಯೂಸ್ಟನ್‌ಗೆ ಕಳಿಸಬೇಕಾಯಿತು. ನಿಯಮ ಪಾಠ ಕಲಿಸಿತಲ್ಲ ಎನ್ನಬಹುದು. ಆ ಪಾಠವನ್ನು ಬ್ರೂಕ್ಲಿನ್ ನಿಯಮವಿಲ್ಲದೆಯೇ ಕಲಿತಿತ್ತು.

ಪರಿಹಾರ ಕಷ್ಟವಿಲ್ಲ. ತಾನೇ ಡ್ರಾಫ್ಟ್ ಮಾಡಿದ, ಇಲ್ಲವೇ ಮೊದಲ ಒಪ್ಪಂದದ ಅವಧಿಯಲ್ಲೇ ತಂದು ಬೆಳೆಸಿದ ಆಟಗಾರನ ಸಂಬಳದಲ್ಲಿ ಅರ್ಧವನ್ನಷ್ಟೇ ಏಪ್ರನ್ ಲೆಕ್ಕಕ್ಕೆ ಹಿಡಿಯಲಿ. ಹಾಗಾದರೆ ಶ್ರೀಮಂತ ನಗರಗಳಿಗೇ ಲಾಭ ಎಂಬ ಆಕ್ಷೇಪ ಬರುತ್ತದೆ. ಓಕ್ಲಹೋಮ ಸಿಟಿ ಲೀಗಿನ ಅತಿ ಚಿಕ್ಕ ಮಾರುಕಟ್ಟೆಗಳಲ್ಲೊಂದು. ಸಣ್ಣ ಊರುಗಳ ರಕ್ಷಣೆಗೆಂದು ತಂದ ನಿಯಮ ಈಗ ಅದರ ಬಾಗಿಲಿಗೇ ಬಂದಿದೆ. 2025ರ ಜುಲೈನಲ್ಲಿ ಗಿಲ್ಜಸ್-ಅಲೆಕ್ಸಾಂಡರ್, ವಿಲಿಯಮ್ಸ್, ಚೆಟ್ ಹೋಮ್‌ಗ್ರೆನ್ ಮೂವರಿಗೂ ಅದು ದೊಡ್ಡ ಒಪ್ಪಂದ ಕೊಟ್ಟಿದೆ. ಮೊದಲನೆಯವನ 28.5 ಕೋಟಿ ಡಾಲರಿನ ಒಪ್ಪಂದ ಶುರುವಾಗುವುದು 2027-28ರಲ್ಲಿ, ಉಳಿದಿಬ್ಬರದು 2026-27ರಲ್ಲಿ. ಲೀಗ್ ಮತ್ತು ಆಟಗಾರರ ನಡುವಿನ ಈಗಿನ ಒಡಂಬಡಿಕೆ 2029-30ರವರೆಗೆ ಇದೆ, ಒಂದು ವರ್ಷ ಮೊದಲೇ ಹೊರಬರುವ ಹಕ್ಕು ಎರಡೂ ಕಡೆಗಿದೆ. ಅಲ್ಲಿಯವರೆಗೆ ಕಾಯುತ್ತ ಕುಳಿತರೆ ತಿದ್ದುಪಡಿ ಬರುವ ಮೊದಲೇ ಥಂಡರ್ ತಂಡವನ್ನು ಬಿಡಿಬಿಡಿಯಾಗಿ ಮಾರಿ ಆಗಿರುತ್ತದೆ.