ಮಮ್ಮುಟ್ಟಿ ಮಾಡಿದ್ದನ್ನು ನಮ್ಮವರೂ ಮಾಡಲಿ



ಕೇರಳದ ವಿಳಿಂಜಂ ಮೀನು ಬಂದರಿನ ಹಿಂದಿನ ನಮ್ಮ ಬಾಡಿಗೆ ಮನೆಯಲ್ಲಿ ಜಿಯೋ ಬೇಬಿ ಅವರ ‘ಕಾದಲ್: ದಿ ಕೋರ್’ (2023) ಮತ್ತೆ ನೋಡಿದೆವು. ಉಪಚುನಾವಣೆಗೆ ನಿಂತ ಮ್ಯಾಥ್ಯೂ ಸಲಿಂಗಿ ಎಂದು ಹೆಂಡತಿ ಓಮನಾ ವಿಚ್ಛೇದನ ಕೇಳುತ್ತಾಳೆ. ಆಕೆ ಖಳನಾಯಕಿಯಲ್ಲ, ಆತ ನಗೆಪಾಟಲಿನ ವಸ್ತುವೂ ಅಲ್ಲ. ಮುದಿ ಅಪ್ಪ ಕೋರ್ಟಿನಲ್ಲಿ ಸೊಸೆಯ ಪರ ಬಾಯಿಬಿಟ್ಟಾಗ ನಮ್ಮ ಜೊತೆ ನೋಡುತ್ತಿದ್ದ ಪಕ್ಕದ ಮನೆಯ ಅಜ್ಜಿ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು.

ಮಲಯಾಳಂ ಸಿನಿಮಾ ಈ ಹಂತಕ್ಕೆ ಸಲೀಸಾಗಿ ಬರಲಿಲ್ಲ ಬಿಡಿ. 1986ರ ಪದ್ಮರಾಜನ್ ಚಿತ್ರ ‘ದೇಶಾಡನಕ್ಕಿಳಿ ಕರಯಾರಿಲ್ಲ’ದ ಒಬ್ಬರನ್ನೊಬ್ಬರು ಹಚ್ಚಿಕೊಂಡ ಹುಡುಗಿಯರು ಸಾಯಲೇಬೇಕಾಯಿತು, 2013ರ ‘ಮುಂಬೈ ಪೊಲೀಸ್’ ನಾಯಕ ತಾನು ಸಲಿಂಗಿ ಎಂಬ ಗುಟ್ಟು ಮುಚ್ಚಲು ಗೆಳೆಯನನ್ನೇ ಕೊಂದ. ಇಂಥ ಪಾತ್ರಗಳನ್ನು ಸಾಯಿಸುವುದೋ ಖಳರಾಗಿಸುವುದೋ ಹಾಲಿವುಡ್ಡಿನ ಹಳೇ ಚಾಳಿಯೂ ಹೌದು.

ನಮ್ಮ ಕನ್ನಡ ಸಿನಿಮಾದಲ್ಲಿ ಸಲಿಂಗಿ ಪಾತ್ರ ಇನ್ನೂ ಬಹುಪಾಲು ಸೊಂಟ ಬಳುಕಿಸುವ ಹಾಸ್ಯಕ್ಕೇ ಮೀಸಲು. ‘ಕಾದಲ್’ನಲ್ಲಿ ಮಮ್ಮುಟ್ಟಿ ಮ್ಯಾಥ್ಯೂ ಆಗಿ ನಟಿಸಿದ್ದಲ್ಲದೆ ಹಣವನ್ನೂ ಹಾಕಿದರು. ಕನ್ನಡದ ಸ್ಟಾರ್ ಒಬ್ಬರಾದರೂ ಇಂಥ ಕಥೆಗೆ ಹೂಂ ಅನ್ನಲಿ. ಟಿಕೆಟ್ ಕೊಳ್ಳಲು ನಾವಿದ್ದೇವೆ.

— ಕನ್ನಡಿಗ ಓದುಗ, ವಿಳಿಂಜಂ