ಮೀನುಮರಿಗಳ ತೊಟ್ಟಿಲು

ಬಿತ್ತನೆಯಿಲ್ಲದೆ ಬೆಳೆಯಿಲ್ಲವೆಂಬುದನ್ನು ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಮೀನಿನ ಬೇಸಾಯಕ್ಕೂ ಇದೇ ನ್ಯಾಯ. ನಮ್ಮ ಕರಾವಳಿಯ ಉಪ್ಪುಂದ, ಕಾರವಾರ ಮೊದಲಾದೆಡೆಗಳಲ್ಲಿ ಮೀನುಗಾರರು ಬಲೆಯ ಪಂಜರಗಳನ್ನು ಕಟ್ಟಿ ಸೀಬಾಸ್ ಎಂಬ ಮೀನನ್ನು ಸಾಕಿರುವರು. ತಮಿಳರು ಇದನ್ನೇ ಕೊಡುವಾ ಎನ್ನುವರು. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂಬ ಕಟ್ಟಳೆಯುಂಟಷ್ಟೆ. ದೋಣಿ ದಡದಲ್ಲಿರುವಾಗಲೂ ಮನೆಯ ಒಲೆ ಉರಿಯಬೇಕಲ್ಲವೆ? ಆಗ ಪಂಜರದ ಮೀನು ಆಸರೆಯಾಗಬಲ್ಲುದು. ಆದರೆ ಪಂಜರಕ್ಕೆ ಬಿಡುವ ಮರಿಗಳು ಎಲ್ಲಿಂದ ಬರಬೇಕು?

ಅಳಿವೆಯಲ್ಲಿ ಹಿಡಿದು ತರೋಣವೆಂದರೆ ಈ ವರ್ಷ ಸಿಕ್ಕಾವು, ಮರುವರ್ಷ ಸಿಗಲಾರವು. ಈ ತೊಡಕನ್ನು ಬಿಡಿಸುವುದೇ ಹ್ಯಾಚರಿ, ಎಂದರೆ ಮರಿಮನೆ. ಚೆನ್ನೈ ಬಳಿಯ ಮುತ್ತುಕಾಡಿನಲ್ಲಿ, ಚೌಳುನೀರಿನ ಮತ್ಸ್ಯಕೃಷಿಯ ಕೇಂದ್ರಸಂಸ್ಥೆಯವರು 1997ರಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಸೀಬಾಸನ್ನು ತೊಟ್ಟಿಯಲ್ಲಿಟ್ಟು ಮರಿಮಾಡಿಸಿದರು.

ಅಲ್ಲಿಯ ಕೆಲಸ ಬಾಣಂತಿಯ ಮನೆಯ ಕೆಲಸದಂತೆ. ಈ ಮೀನು ಮೊದಲು ಗಂಡಾಗಿದ್ದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುವುದು! ಆದುದರಿಂದ ತಾಯಿಮೀನನ್ನು ಬಹುಕಾಲ ಸಾಕಬೇಕು. ಹಾರ್ಮೋನಿನ ಚುಚ್ಚುಮದ್ದು ಕೊಟ್ಟ ಸುಮಾರು ಒಂದೂವರೆ ದಿನಕ್ಕೆ ಅದು ಲಕ್ಷಗಟ್ಟಲೆ ಮೊಟ್ಟೆಯಿಡುವುದು. ಮಿಲಿಮೀಟರಿಗಿಂತಲೂ ಕಿರಿದಾದ ಆ ಮೊಟ್ಟೆಗಳು ನೀರಿನಲ್ಲಿ ತೇಲುತ್ತಿದ್ದು, 17-18 ಗಂಟೆಗಳಲ್ಲಿ ಒಡೆಯುವುವು.

ಕಷ್ಟವಿರುವುದು ಮುಂದೆ. ಮೂರನೆಯ ದಿನ ಮರಿ ಬಾಯಿ ತೆರೆದರೆ, ಆ ಬಾಯಿಗೆ ಹಿಟ್ಟಿನ ಪುಡಿಯೂ ಒಗ್ಗದು. ಬರಿಗಣ್ಣಿಗೆ ಕಂಡೂ ಕಾಣದಂತಿರುವ ರೋಟಿಫರ್ ಎಂಬ ಜೀವಿಯೇ ಅದರ ತುತ್ತು. ರೋಟಿಫರಿಗೆ ಹಸುರು ಪಾಚಿ ತುತ್ತು. ಮರಿ ಹುಟ್ಟುವ ಮುಂಚೆಯೇ ಈ ಎರಡು ಅಡಿಗೆಗಳೂ ಸಿದ್ಧವಾಗಿರಬೇಕು. ವಾರ ಕಳೆದ ಮೇಲೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಹುಳುವಿನ ಮರಿಗಳನ್ನು ಕೊಡುವರು. ಪಾಚಿಯ ತೊಟ್ಟಿ ಕೆಟ್ಟಿತೋ, ಮರಿಗಳಿಗೆ ಉಪವಾಸವೇ ಗತಿ. ಸಾಲದುದಕ್ಕೆ, ದೊಡ್ಡ ಮರಿ ತನ್ನ ಒಡಹುಟ್ಟಿದ ಚಿಕ್ಕ ಮರಿಯನ್ನೇ ನುಂಗುವುದು! ಅದಕ್ಕಾಗಿ ಕೆಲವು ದಿನಗಳಿಗೊಮ್ಮೆ ಅವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಿರಬೇಕು.

ಇದನ್ನು ಗೃಹಸ್ಥರು ತಿಳಿದಿರಬೇಕಾದುದೇಕೆ? ಪಂಜರಕ್ಕಾಗಿ ಸಾಲಮಾಡುವ ಮನೆಯವರು ಬಲೆಯ ಬೆಲೆಯನ್ನು ವಿಚಾರಿಸುವಂತೆಯೇ ಮರಿಯ ಹುಟ್ಟನ್ನೂ ವಿಚಾರಿಸಬೇಕು: ಯಾವ ಮರಿಮನೆಯದು, ಎಷ್ಟು ದಿನದ್ದು, ಎಲ್ಲವೂ ಸಮಗಾತ್ರದವೇ, ನಮ್ಮ ನೀರಿನ ಉಪ್ಪಿಗೆ ಒಗ್ಗಿವೆಯೇ ಎಂದು. ಅಗ್ಗಕ್ಕೆ ಸಿಕ್ಕಿದುವೆಂದು ಹಿರಿದು ಕಿರಿದು ಬೆರೆತ ಮರಿಗಳನ್ನು ತಂದು ಬಿಟ್ಟರೆ, ಬಿಟ್ಟುದೆಷ್ಟೋ ಉಳಿದುದೆಷ್ಟೋ ಎಂದಾಗಿ, ಸಾಲ ಮಾತ್ರ ಪೂರ್ತಿಯಾಗಿ ಉಳಿದೀತು. ಮರಿಮನೆ ದೂರವಿದ್ದಷ್ಟೂ ದಾರಿಯಲ್ಲಿ ಸಾಯುವ ಮರಿಗಳ ನಷ್ಟ ಬೇರೆ. ಆದಕಾರಣ ಕರಾವಳಿಯವರಿಗೆ ದೋಣಿ ಬಲೆಗಳು ಬೇಕಾಗಿರುವಂತೆಯೇ ಕೈಗೆಟುಕುವಷ್ಟು ಹತ್ತಿರದಲ್ಲಿ ಒಳ್ಳೆಯ ಮರಿಮನೆಯೂ ಬೇಕು.